ಮಾಡಿಲ್ಲದ ಇಗರ್ಜಿ, ಅಳಿಯದ ಫಿರ್ಗಜ್

ಮುಂಬಯಿಯ ಅಂಧೇರಿ ಪೂರ್ವದಲ್ಲಿ, ಸೀಪ್ಜ್ ಎಂಬ ರಫ್ತು ವಲಯದ ಆವರಣದಲ್ಲಿ, ಆಭರಣ ತಯಾರಿಕೆ ಮತ್ತು ಸಾಫ್ಟ್‌ವೇರ್ ಕಂಪನಿಗಳ ನಡುವೆ, ಒಂದು ಪಾಳು ಇಗರ್ಜಿ ಇದೆ. 1579ರಲ್ಲಿ ಯೇಸುಸಭೆಯ ಪಾದ್ರಿಗಳು ಇಲ್ಲಿನ ಕೊಂಡಿವಿಟೆ ಹಳ್ಳಿಯಲ್ಲಿ ಕಟ್ಟಿಸಿದ ಸ್ನಾನಿಕ ಯೊವಾನ್ನರ ದೇವಾಲಯವಿದು. ಮಂಗಳೂರಿನ ರೊಜಾರಿಯೊ ಇಗರ್ಜಿ ಶುರುವಾದದ್ದು 1568ರಲ್ಲಿ. ಇದು ಅದಕ್ಕಿಂತ ಹನ್ನೊಂದೇ ವರ್ಷ ಕಿರಿಯದು. ಇಂದಿನ ಅಂಧೇರಿಯನ್ನು ರೈಲು, ಸಿನಿಮಾ, ವಿಮಾನಗಳಿಂದ ಗುರುತಿಸುವವರಿಗೆ ಈ ಹಳಮೆ ಕಾಣಿಸುವುದೇ ಇಲ್ಲ.

1534ರ ವಸಾಯಿ ಒಪ್ಪಂದದಲ್ಲಿ ಗುಜರಾತಿನ ಸುಲ್ತಾನ ಬಹಾದೂರ್ ಷಾ ಸಾಷ್ಟಿ ದ್ವೀಪವನ್ನು ಪೋರ್ಚುಗೀಸರಿಗೆ ಬಿಟ್ಟುಕೊಟ್ಟ. ಅಂಧೇರಿಯ ಹಳ್ಳಿಗಳೂ ಅದರೊಂದಿಗೆ ಹೋದವು. ಮುಂದಿನ ದಶಕಗಳಲ್ಲಿ ಯುರೋಪಿನಲ್ಲಿ ಟ್ರೆಂಟ್ ಮಹಾಸಭೆ (1545–63) ಪ್ರತಿ ಧರ್ಮಕೇಂದ್ರಕ್ಕೂ ಎಲ್ಲೆ ಇರಬೇಕು, ತನ್ನದೇ ಗುರು ಇರಬೇಕು, ದೀಕ್ಷಾಸ್ನಾನ ಮತ್ತು ಮದುವೆಗಳನ್ನು ಪುಸ್ತಕದಲ್ಲಿ ದಾಖಲಿಸಬೇಕು ಎಂದು ಕಟ್ಟಳೆ ಮಾಡಿತು. ಗದ್ದೆ ಉಳುವವರ, ಮೀನು ಹಿಡಿಯುವವರ ಹೆಸರುಗಳು ಕಂದಾಯದ ಲೆಕ್ಕಕ್ಕಲ್ಲದೆ ಬರಹಕ್ಕೆ ಬಂದದ್ದು ಇಂಥ ಪುಸ್ತಕಗಳಲ್ಲಿ. ಊರ ಚರಿತ್ರೆ ಬರೆಯುವವರಿಗೆ ಇದಕ್ಕಿಂತ ದೊಡ್ಡ ಆಸ್ತಿ ಇಲ್ಲ.

ನಮ್ಮ ಕರಾವಳಿಯ ಕ್ರೈಸ್ತರು ಧರ್ಮಕೇಂದ್ರಕ್ಕೆ ಫಿರ್ಗಜ್ ಎನ್ನುತ್ತಾರೆ. ಪೋರ್ಚುಗೀಸರಿಂದ ಬಂದ ಮಾತು. ಅದರ ಲ್ಯಾಟಿನ್ ಬೇರಿನಲ್ಲಿ ‘ಇಗರ್ಜಿಯ ಮಕ್ಕಳು’ ಎಂಬ ಅರ್ಥವಿದೆ. ಇಂಗ್ಲಿಷಿನ ಪ್ಯಾರಿಷ್ ಎಂಬುದರ ಮೂಲ ಗ್ರೀಕಿನ ಪರೋಯ್ಕಿಯ. ಬೇರೆಯವರ ನೆಲದಲ್ಲಿ, ಹಕ್ಕಿನ ಮನೆಯಿಲ್ಲದೆ ತಂಗಿದವರ ವಾಸ ಎಂದು ಅದರ ಹಳೆಯ ಅರ್ಥ. ಆದಿಕಾಲದ ಕ್ರೈಸ್ತರು ತಮ್ಮನ್ನು ಹಾಗೆ ಭಾವಿಸಿಕೊಂಡರು. ಗಡಿ, ಗಂಟೆ, ಗೋಪುರಗಳೆಲ್ಲ ಆಮೇಲೆ ಸೇರಿದವು.

1739ರ ಹೊತ್ತಿಗೆ ಮರಾಠರು, 1774ರಲ್ಲಿ ಇಂಗ್ಲಿಷರು ಸಾಷ್ಟಿಯನ್ನು ಗೆದ್ದರು. ಕೊಂಡಿವಿಟೆಯ ಇಗರ್ಜಿ ಉಳಿಯಿತು. ಅದನ್ನು ಬರಿದು ಮಾಡಿದ್ದು ದಂಡಲ್ಲ, ರೋಗ. 1840ರ ಸುಮಾರಿಗೆ ಸಾಂಕ್ರಾಮಿಕ ಪಿಡುಗಿಗೆ ಅಂಜಿ ಜನ ಕೊಂಡಿವಿಟೆ ಬಿಟ್ಟು ಹತ್ತಿರದ ಮರೋಳಕ್ಕೆ ಹೋದರು. ಅಲ್ಲಿ ಶುಭಸಂದೇಶಕಾರ ಯೊವಾನ್ನರ ಹೆಸರಿನಲ್ಲಿ ಹೊಸ ಇಗರ್ಜಿ ಎದ್ದಿತು. ಕಟ್ಟಡ ಹಿಂದೆ ಉಳಿಯಿತು, ಫಿರ್ಗಜ್ ಜನರ ಜೊತೆ ನಡೆಯಿತು.

ಇವರಂಥ, ಮುಂಬಯಿ ಸುತ್ತಲಿನ ಮೂಲನಿವಾಸಿ ಮರಾಠಿ ಕ್ರೈಸ್ತರು 1887ರಲ್ಲಿ ಈಸ್ಟ್ ಇಂಡಿಯನ್ ಎಂಬ ಹೆಸರು ತಳೆದರು. ಅವರ ಇಗರ್ಜಿಗಳಿಗೆ ಆಮೇಲೆ ಗೋವೆಯವರು, ಮಂಗಳೂರು–ಉಡುಪಿಯ ಕಡೆಯವರು, ಕೇರಳದವರು ಬಂದು ಸೇರಿದರು. ಕನ್ನಡ ಲಿಪಿಯಲ್ಲಿ ಕೊಂಕಣಿ ಓದುವ, ಹುಟ್ಟೂರಿನಲ್ಲಿ ದೀಕ್ಷಾಸ್ನಾನ ಪಡೆದ ನಮ್ಮವರಿಗೆ ಮದುವೆಗೆ ಇಂದಿಗೂ ಅಲ್ಲಿನ ಇಗರ್ಜಿಯ ದೀಕ್ಷಾಸ್ನಾನ ಪತ್ರ ಬೇಕು. ಅಂಧೇರಿಯಲ್ಲಿದ್ದರೂ ಹೆಸರು ಊರಿನ ಪುಸ್ತಕದಲ್ಲಿರುತ್ತದೆ. ಗ್ರೀಕರ ಆ ಹಳೆಯ ಅರ್ಥಕ್ಕೆ ಇವರಿಗಿಂತ ಹತ್ತಿರದವರು ಯಾರಿದ್ದಾರೆ?

1970ರ ದಶಕದಲ್ಲಿ ಕೊಂಡಿವಿಟೆಯ ನೆಲ ಕೈಗಾರಿಕೆಗೆ ಹೋಗಿ, ಪಾಳು ಇಗರ್ಜಿ ಸೀಪ್ಜ್ ಬೇಲಿಯೊಳಗೆ ಸೇರಿತು. ಮರೋಳದ ಭಕ್ತರು ವರ್ಷಕ್ಕೊಮ್ಮೆ ಅನುಮತಿ ಪಡೆದು ಅಲ್ಲಿ ಪೂಜೆ ಅರ್ಪಿಸುತ್ತಾರೆ. ಇದು ಸಾಲದು. ಗೋಡೆಗಳನ್ನು ಭದ್ರಪಡಿಸಿ, ಯಾವ ಧರ್ಮದವರಿಗೇ ಆಗಲಿ ನೋಡಲು ದಾರಿ ಮಾಡಿಕೊಡಬೇಕು. ಅಂಧೇರಿಯ ಕನ್ನಡ ಸಂಘಗಳೂ ಈ ಬೇಡಿಕೆಗೆ ದನಿಗೂಡಿಸಲಿ.