ಗೋಡೆ ನನ್ನದು, ಜಾಗ ಯಾರದು?

ಮೊನ್ನೆ ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ವಾರ್ಷಿಕ ಸಭೆ ಇತ್ತು. ಮೆಂಟೇನೆನ್ಸ್ ಎಷ್ಟು ಏರಿಸಬೇಕು, ಬೋರ್‌ವೆಲ್ ಮೋಟಾರ್ ಸುಟ್ಟಿದ್ದಕ್ಕೆ ಯಾರು ಹೊಣೆ... ಎಂದಿನ ಜಗಳ. ಈ ವರ್ಷದ ಖಜಾಂಚಿ ನಾನೇ. ಎರಡು ವರ್ಷದಿಂದ ಒಂದು ಪೈಸೆ ಕಟ್ಟದ ಮನೆಯೊಂದಿದೆ. ಅವರಿಗೆ ನೋಟಿಸ್ ಕಳಿಸಿದ್ದೆವು. ಅವರ ವಕೀಲರಿಂದ ಬಂದ ಉತ್ತರ ಒಂದೇ ಸಾಲಿನದು: ನಿಮ್ಮ ಸಂಘ ಯಾವ ಕಾಯ್ದೆಯ ಪ್ರಕಾರ ನಮ್ಮಿಂದ ಹಣ ಕೇಳುತ್ತಿದೆ?

ಅದನ್ನು ಸಭೆಯಲ್ಲಿ ಓದಿದೆ. ಒಬ್ಬರು "ಸೊಸೈಟಿ ಆಕ್ಟ್" ಅಂದರು, ಇನ್ನೊಬ್ಬರು "ಸಹಕಾರ ಸಂಘ ಅಲ್ವೇನ್ರೀ?" ಅಂದರು, ಮತ್ತೊಬ್ಬರು "ಅಪಾರ್ಟ್‌ಮೆಂಟ್ ಆಕ್ಟ್" ಅಂದರು. ಎಲ್ಲರೂ ನನ್ನ ಮುಖ ನೋಡಿದರು. ನನಗೂ ಗೊತ್ತಿರಲಿಲ್ಲ!

ರಾತ್ರಿ ದಾಂಡೇಲಿಗೆ ಫೋನ್ ಮಾಡಿ ಅಪ್ಪನ ಹತ್ತಿರ ಗೋಳು ಹೇಳಿಕೊಂಡೆ. ಎಲ್ಲ ಕೇಳಿಸಿಕೊಂಡು ಅಪ್ಪ ಅಂದದ್ದು ಇಷ್ಟೇ: "ಮನಿ ನಿಂದು ಖರೆ. ಜಾಗಾ ಯಾರ ಹೆಸರಿಗೈತಿ, ಅದನ್ನ ಮೊದಲ ನೋಡು."

ಅಪ್ಪನ ಪ್ರಶ್ನೆಯೇ ಈ ಇಡೀ ಇತಿಹಾಸದ ಬೀಗದ ಕೈ ಅಂತ ಆಮೇಲೆ ಓದುತ್ತಾ ಹೋದಾಗ ಗೊತ್ತಾಯಿತು.

ನಮ್ಮ ಕಡೆಯವರಿಗೆ ಈ ಪ್ರಶ್ನೆ ಹೊಸದಲ್ಲ. ಆಗ ಹಳಿಯಾಳ ತಾಲೂಕಿಗೆ ಸೇರಿದ್ದ ದಾಂಡೇಲಿಗೆ 1950ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂತು, ಜೊತೆಗೆ ಕ್ವಾರ್ಟರ್ಸ್ ಬಂದವು. ನಾನು ಬೆಳೆದದ್ದು ಅಂಥದೇ ಒಂದು ಕ್ವಾರ್ಟರ್ಸಿನಲ್ಲಿ. ನಲ್ಲಿ ಸೋರಿದರೆ ಕಂಪನಿಗೆ ಒಂದು ಚೀಟಿ ಬರೆದರೆ ಸಾಕು. ಸಂಘ ಇಲ್ಲ, ಸಭೆ ಇಲ್ಲ, ಜಗಳವೂ ಇಲ್ಲ. ಆದರೆ ನಿವೃತ್ತಿಯ ದಿನ ಕೀಲಿಕೈ ವಾಪಸ್ ಕೊಟ್ಟು ಹೊರಡಬೇಕು. ಜೋಯಿಡಾದ ಕಥೆ ಇನ್ನೊಂದು. ಹಳೇ ಸೂಪಾ ಪಟ್ಟಣದಲ್ಲಿ ಸ್ವಂತ ಮನೆ ಇದ್ದವರೂ ಕಾಳಿ ನದಿಗೆ ಅಣೆಕಟ್ಟು ಕಟ್ಟಿದಾಗ ಎದ್ದು ರಾಮನಗರಕ್ಕೆ ಬರಬೇಕಾಯಿತು. ಮುಂಡಗೋಡದಲ್ಲಿ 1966ರಿಂದ ಟಿಬೆಟನ್ನರ ವಸತಿ ಇದೆ. ಅವರು ಕ್ಯಾಂಪುಗಳಾಗಿ ನೆಲೆಸಿದ್ದಾರೆ, ತಮ್ಮದೇ ಮುಖಂಡರು, ತಮ್ಮದೇ ಸಹಕಾರ ಸಂಘ. ಒಗ್ಗಟ್ಟಿನಿಂದ ಊರು ನಡೆಸುವುದು ಹೇಗೆ ಅಂತ ಅವರಿಂದ ಕಲಿಯಬೇಕು, ಆದರೆ ನೆಲ ಸರ್ಕಾರ ಕೊಟ್ಟದ್ದು. ಮನೆ, ಜಾಗ, ಆಡಳಿತ ಮೂರೂ ಬೇರೆ ಬೇರೆ ಕೈಯಲ್ಲಿ ಇರಬಹುದು ಅನ್ನುವುದು ನಮ್ಮ ತಾಲೂಕುಗಳಲ್ಲಿ ಕಣ್ಣಿಗೆ ಕಾಣುವ ಸತ್ಯ.

ಈ ಮೂರನ್ನೂ ಒಂದೇ ಕೈಗೆ ತರಬೇಕು ಅಂತ ಮೊದಮೊದಲು ಹೊರಟವರಲ್ಲಿ ನಮ್ಮ ಜಿಲ್ಲೆಯ ಬೇರಿನವರೂ ಇದ್ದರು. ಇದನ್ನು ಓದಿದಾಗ ನಿಜಕ್ಕೂ ಖುಷಿಯಾಯಿತು!

ಉತ್ತರ ಕನ್ನಡ 1862ರಿಂದ ಮುಂಬೈ ಪ್ರಾಂತ್ಯದಲ್ಲಿತ್ತು. ನೌಕರಿಗೆ ಅಂದರೆ ಮುಂಬೈ. ಶಿರಾಲಿ ಮಠದ ಶಿಷ್ಯರಾದ ಚಿತ್ರಾಪುರ ಸಾರಸ್ವತರು ಹೀಗೆ ದೊಡ್ಡ ಸಂಖ್ಯೆಯಲ್ಲಿ ಅಲ್ಲಿಗೆ ಹೋದರು. 1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ಇಕ್ಕಟ್ಟಿನ ಚಾಳುಗಳೇ ಕಾರಣ ಅಂತ ಸರ್ಕಾರ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಮಾಡಿ ಹೊಸ ಬಡಾವಣೆಗಳನ್ನು ಬಿಡಿಸಿತು. ಆದರೆ ಗುಮಾಸ್ತನ ಸಂಬಳದಲ್ಲಿ ಅಲ್ಲಿ ಮನೆ ಕಟ್ಟೋದು ಹೇಗೆ? ಅದಾಗಲೇ 1906ರಲ್ಲಿ ಶಾಮರಾವ್ ವಿಠಲ್ ಸಹಕಾರಿ ಬ್ಯಾಂಕ್ ಕಟ್ಟಿದ್ದ ರಾವ್ ಬಹಾದ್ದೂರ್ ಎಸ್.ಎಸ್. ತಲ್ಮಕಿ ಅವರು 1915ರಲ್ಲಿ ಗಾಮ್‌ದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘವನ್ನು ನಿಲ್ಲಿಸಿದರು. 1904ರ ಸಹಕಾರ ಕಾಯ್ದೆ ಸಾಲ ಕೊಡುವ ಸಂಘಗಳಿಗೆ ಮಾತ್ರ ಮೀಸಲಾಗಿತ್ತು. ಬೇರೆ ಉದ್ದೇಶದ ಸಂಘಗಳಿಗೆ ಬಾಗಿಲು ತೆರೆದದ್ದು 1912ರ ಕಾಯ್ದೆ. ಬಾಗಿಲು ತೆರೆದ ಮೂರೇ ವರ್ಷಕ್ಕೆ ಇವರು ಒಳಗೆ ಕಾಲಿಟ್ಟಿದ್ದರು. (ಮೈಸೂರು ಸಂಸ್ಥಾನ ಇನ್ನೂ ಮುಂದೆ ಇತ್ತು. ಬೆಂಗಳೂರು ಬಿಲ್ಡಿಂಗ್ ಕೋ-ಆಪರೇಟಿವ್ ಸೊಸೈಟಿ ಶುರುವಾದದ್ದು 1909ರಲ್ಲಿ.)

ತಲ್ಮಕಿಯವರ ಸಂಘದ ಲೆಕ್ಕ ಬಹಳ ಸರಳ. ಕಟ್ಟಡ ಸಂಘದ್ದು. ಸದಸ್ಯರು ಷೇರು ಹಾಕಿದವರು, ಹಾಗೇ ಅಲ್ಲಿನ ಬಾಡಿಗೆದಾರರೂ ಹೌದು. ಅಂದರೆ ಮಾಲೀಕನೂ ನಾನೇ, ಬಾಡಿಗೆದಾರನೂ ನಾನೇ. ಸುಣ್ಣಬಣ್ಣಕ್ಕೆ ದುಡ್ಡು ಕೇಳುವ ಹಕ್ಕು ಸಂಘಕ್ಕೆ ಎಲ್ಲಿಂದ ಬಂತು ಅಂತ ಯಾರೂ ಕೇಳುವ ಹಾಗಿಲ್ಲ. ಕಟ್ಟಡವೇ ಅದರದ್ದಲ್ಲವೇ?

ಇದಕ್ಕೊಂದು ಇನ್ನೊಂದು ಮುಖವೂ ಇದೆ, ಮುಚ್ಚಿಡಬಾರದು. ಸಂಘವೇ ಮಾಲೀಕ ಆದಾಗ ಯಾರು ಒಳಗೆ ಬರಬೇಕು ಅನ್ನುವುದನ್ನೂ ಸಂಘವೇ ತೀರ್ಮಾನಿಸುತ್ತದೆ. ನಮ್ಮ ದೇಶದ ಆ ಕಾಲದ ಹಲವು ಗೃಹನಿರ್ಮಾಣ ಸಂಘಗಳು ಒಂದೊಂದು ಜಾತಿ, ಸಮುದಾಯದವು. ಇದು ಹಳೇ ಕಾಲದ ಮಾತು ಅಂದುಕೊಳ್ಳಬೇಡಿ. ಅಹಮದಾಬಾದಿನ ಪಾರ್ಸಿಗಳ ಸಂಘವೊಂದರ ಪ್ರಕರಣದಲ್ಲಿ, ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಅನ್ನುವ ಬೈಲಾ ನಡೆಯುತ್ತದೆ ಅಂತ ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿತು. ನಮ್ಮವರ ನಡುವೆ ನೆಮ್ಮದಿಯಾಗಿರಬೇಕು ಅನ್ನೋ ಆಸೆ ಬೇರೆಯವರ ಪಾಲಿಗೆ ಮುಚ್ಚಿದ ಗೇಟು ಆಗುತ್ತದೆ.

1956ರಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಮುಂಬೈಯ ಸಹಕಾರ ಕಾಯ್ದೆ ಹೋಗಿ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ ಬಂತು. ಅದರ ಹಿಂದೆಯೇ 1960ರ ಸಂಘಗಳ ನೋಂದಣಿ ಕಾಯ್ದೆ. ಇದು ಮುಖ್ಯವಾಗಿ ಸಾಹಿತ್ಯ, ಕಲೆ, ಕ್ರೀಡೆ, ದಾನಧರ್ಮದಂಥ ಉದ್ದೇಶದ ಸಂಘಗಳಿಗೆ.

ಅಷ್ಟರಲ್ಲಿ ನಗರಗಳಲ್ಲಿ ಹೊಸ ಬಗೆಯ ಆಸೆ ಹುಟ್ಟಿತ್ತು. ಸಂಘದ ಷೇರು ಬೇಡ, ನನ್ನ ಫ್ಲ್ಯಾಟು ನನ್ನ ಹೆಸರಿಗೇ ಬೇಕು, ನಾನೇ ಮಾರಬೇಕು, ನಾನೇ ಸಾಲ ತೆಗೆಯಬೇಕು. ಮಹಾರಾಷ್ಟ್ರ ಇದಕ್ಕೆ 1963 ಮತ್ತು 1970ರಲ್ಲಿ ಎರಡು ಕಾಯ್ದೆ ಮಾಡಿತು. ನಮ್ಮ ರಾಜ್ಯವೂ ಅದೇ ದಾರಿ ಹಿಡಿದು 1972ರ ಎರಡು ಕಾಯ್ದೆಗಳನ್ನು ತಂದಿತು. ಒಂದು ಬಿಲ್ಡರುಗಳಿಗೆ ಲಗಾಮು ಹಾಕೋದಕ್ಕೆ, ಇನ್ನೊಂದು ಅಪಾರ್ಟ್‌ಮೆಂಟ್ ಮಾಲೀಕತ್ವಕ್ಕೆ.

ಎರಡನೆಯದರ ಪ್ರಕಾರ ಫ್ಲ್ಯಾಟು ನನ್ನದು. ಅದರ ಜೊತೆಗೆ ಜಾಗ, ಮೆಟ್ಟಿಲು, ತಾರಸಿಯಲ್ಲಿ ನನಗೊಂದು ಅವಿಭಕ್ತ ಪಾಲು. ಒಟ್ಟು ಕುಟುಂಬದ ಆಸ್ತಿಯ ಹಾಗೆ ಅಂದುಕೊಳ್ಳಿ, ಆದರೆ ಇಲ್ಲಿ ಹಿಸ್ಸೆ ಮಾಡಿಕೊಂಡು ಬೇರೆ ಹೋಗುವ ಹಾಗಿಲ್ಲ. ಮೆಂಟೇನೆನ್ಸ್ ಬಾಕಿ ಇದ್ದರೆ ಅದು ಆ ಫ್ಲ್ಯಾಟಿನ ಮೇಲೇ ಋಣಭಾರವಾಗಿ ಕೂರುತ್ತದೆ, ತೆರಿಗೆ ಮತ್ತು ಮೊದಲ ಅಡಮಾನ ಬಿಟ್ಟರೆ ಮುಂದಿನ ಸ್ಥಾನ ಅದಕ್ಕೇ. ನಮ್ಮ ಸಂಘಕ್ಕೆ ಬೇಕಾಗಿದ್ದ ಅಸ್ತ್ರ ಇದೇ!

ಆದರೆ ಒಂದು ಷರತ್ತಿದೆ. ಈ ಕಾಯ್ದೆ ತಾನಾಗಿ ಅನ್ವಯಿಸುವುದಿಲ್ಲ. ಮಾಲೀಕರು "ನಮ್ಮ ಆಸ್ತಿಯನ್ನು ಈ ಕಾಯ್ದೆಗೆ ಒಪ್ಪಿಸಿದ್ದೇವೆ" ಅಂತ ಘೋಷಣಾ ಪತ್ರ, ಅಂದರೆ ಡೀಡ್ ಆಫ್ ಡಿಕ್ಲರೇಶನ್, ಬರೆದು ನೋಂದಣಿ ಮಾಡಿಸಬೇಕು. ಎಷ್ಟೋ ಕಡೆ ಅದನ್ನು ಮಾಡಿಸುವುದೇ ಇಲ್ಲ. ಸುಲಭ ಅಂತ 1960ರ ಕಾಯ್ದೆಯಲ್ಲಿ ಒಂದು ಸಂಘ ನೋಂದಾಯಿಸಿ, ರಸೀದಿ ಪುಸ್ತಕ ಅಚ್ಚು ಹಾಕಿಸಿಬಿಡುತ್ತಾರೆ. ಅಪಾರ್ಟ್‌ಮೆಂಟ್ ಮಾಲೀಕರಿಗೆ ಆ ದಾರಿ ಸರಿಯಲ್ಲ, 1972ರ ಕಾಯ್ದೆಯೇ ಸರಿ ಅಂತ ನಮ್ಮ ಹೈಕೋರ್ಟ್ ಹೇಳಿದೆ. ಹೋಗಲಿ, 1972ರ ದಾರಿ ಹಿಡಿದರೆ ಎಲ್ಲ ಸಲೀಸೇ? ಅದೂ ಇಲ್ಲ. ಸಹಕಾರ ಸಂಘದಲ್ಲಿ ಚುನಾವಣೆ, ಲೆಕ್ಕ, ತಕರಾರು ನೋಡೋದಕ್ಕೆ ರಿಜಿಸ್ಟ್ರಾರ್ ಇದ್ದಾರೆ. ಇಲ್ಲಿ ಅಂಥ ಗಟ್ಟಿ ವ್ಯವಸ್ಥೆ ಇಲ್ಲ. ಜಗಳ ಬಿದ್ದರೆ ಸಿವಿಲ್ ಕೋರ್ಟು, ಅಲ್ಲಿ ವರ್ಷಗಟ್ಟಲೆ ಅಲೆದಾಟ.

ಇದರ ಮೇಲೆ 2016ರಲ್ಲಿ ರೇರಾ ಬಂತು. ಹೆಚ್ಚಿನವರು ಬುಕ್ ಮಾಡಿದ ಮೂರು ತಿಂಗಳೊಳಗೆ ಸಂಘ ಆಗಬೇಕು, ಕಟ್ಟಡದಲ್ಲಿ ದೊಡ್ಡ ದೋಷ ಕಂಡರೆ ಐದು ವರ್ಷ ಬಿಲ್ಡರೇ ಸರಿಪಡಿಸಬೇಕು. ಒಳ್ಳೆಯದೇ. ಆದರೆ ಅದರ 17ನೇ ಕಲಮು ಸಾಮಾನ್ಯ ಜಾಗವನ್ನು ಸಂಘದ ಹೆಸರಿಗೆ ಬರೆದುಕೊಡಿ ಅನ್ನುತ್ತದೆ. 1972ರ ಕಾಯ್ದೆ ಅದೇ ಜಾಗದ ಪಾಲು ಒಬ್ಬೊಬ್ಬ ಮಾಲೀಕನದು ಅನ್ನುತ್ತದೆ. ಹಾಗಾದರೆ ಜಾಗ ಯಾರದು?

ತಲ್ಮಕಿಯವರು 1915ರಲ್ಲಿ "ಎಲ್ಲರದೂ" ಅಂದರು. 1972ರ ಶಾಸನ ಬರೆದವರು "ಒಬ್ಬೊಬ್ಬರದೂ" ಅಂದರು. ಎರಡೂ ನಡೆಯುವಂಥ ಉತ್ತರಗಳೇ. ನಮ್ಮ ಕಷ್ಟ ಇರೋದು ಎರಡನ್ನೂ ಅರ್ಧರ್ಧ ಹಿಡಿದುಕೊಂಡಿರುವುದರಲ್ಲಿ. ನೋಂದಣಿ ಒಂದು ಕಾಯ್ದೆಯಲ್ಲಿ, ಜಾಗದ ಹಕ್ಕು ಇನ್ನೊಂದರಲ್ಲಿ, ದುಡ್ಡು ಕೇಳೋದು ಬರೀ ಮುಲಾಜಿನ ಮೇಲೆ. ಇವತ್ತು ಬೋರ್‌ವೆಲ್ ಮೋಟಾರ್ ವಿಷಯಕ್ಕೇ ಇಷ್ಟು ಜಗಳ. ಮೂವತ್ತು ನಲವತ್ತು ವರ್ಷ ಆದಮೇಲೆ ಕಟ್ಟಡ ಶಿಥಿಲವಾಗಿ ಕೆಡವಿ ಕಟ್ಟಬೇಕಾಗಿ ಬಂದಾಗ ಉಳಿಯೋದು ನೆಲವೊಂದೇ. ಆಗ ಈ ಕಾಗದಗಳೇ ಮಾತಾಡಬೇಕು.

ನಾನು ನನ್ನ ಕ್ರಯಪತ್ರ ತೆಗೆದು ಓದಿದೆ. ನನ್ನ ಅವಿಭಕ್ತ ಪಾಲು ಬರೆದಿದೆ. ಘೋಷಣಾ ಪತ್ರಕ್ಕಾಗಿ ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ ಹುಡುಕಿಸಿದೆ. ಇರಲಿಲ್ಲ, ನಮ್ಮ ಬಿಲ್ಡರ್ ಮಾಡಿಸಿಯೇ ಇಲ್ಲ. ಹಾಗಾಗಿ ಬಾಕಿಯವರ ವಕೀಲರು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ ಅಂತ ಮುಂದಿನ ಸಭೆಯಲ್ಲಿ ಎದ್ದು ನಿಂತು ಹೇಳಬೇಕಾಗಿದೆ. ಬೈಸಿಕೊಳ್ಳೋದು ಗ್ಯಾರಂಟಿ. ಎಲ್ಲ ಮಾಲೀಕರ ಸಹಿ ಬೇಕು, ಬಾಕಿಯವರ ಸಹಿಯೂ ಸೇರಿ! ಮೊದಲು ಅವರ ಮನೆಗೇ ಹೋಗಿ ಒಂದು ಲೋಟ ಚಹಾ ಕುಡಿದು ಬರೋಣ ಅಂದುಕೊಂಡಿದ್ದೇನೆ.

ಅಪ್ಪನಿಗೆ ಹೇಳಿದೆ. ನಕ್ಕು, "ಕ್ವಾರ್ಟರ್ಸೇ ಛಲೋ ಇತ್ತು ಬಿಡು" ಅಂದರು. ಒಂದು ಗಳಿಗೆ ಸುಮ್ಮನಿದ್ದು, "ಆದ್ರ ಕೀಲಿ ವಾಪಸ್ ಕೊಡೂದೈತಲ್ಲ, ಅದು ಭಾಳ ತ್ರಾಸು ತಮ್ಮಾ" ಅಂತ ಸೇರಿಸಿದರು.

ನಿಮ್ಮ ಸಂಘ ಯಾವ ಕಾಯ್ದೆಯಲ್ಲಿದೆ? ಒಮ್ಮೆ ಕಪಾಟು ತೆರೆದು ನೋಡಿಬಿಡಿ.