ಕುಮಾರ ಪರ್ವತ ಚಾರಣ

ಕುಮಾರ ಪರ್ವತವು ಕರ್ನಾಟಕದ ಪಶ್ಚಿಮ ಘಟ್ಟಗಳಲ್ಲಿ ಸಮುದ್ರಮಟ್ಟದಿಂದ 1,712 ಮೀಟರ್ ಎತ್ತರದಲ್ಲಿರುವ ಒಂದು ಶಿಖರ. ಪುಷ್ಪಗಿರಿ ಎಂಬ ಹೆಸರೂ ಇದಕ್ಕಿದೆ. ದಕ್ಷಿಣ ಕನ್ನಡ, ಕೊಡಗು ಮತ್ತು ಹಾಸನ ಜಿಲ್ಲೆಗಳು ಸಂಧಿಸುವ ಅರಣ್ಯ ಪ್ರದೇಶದಲ್ಲಿರುವ ಈ ಪರ್ವತವು ಪುಷ್ಪಗಿರಿ ವನ್ಯಜೀವಿಧಾಮದ ಅತ್ಯುನ್ನತ ಶಿಖರವಾಗಿದೆ. ಕೊಡಗಿನ ಶಿಖರಗಳಲ್ಲಿ ಎತ್ತರದ ದೃಷ್ಟಿಯಿಂದ ತಡಿಯಂಡಮೋಳ್ ನಂತರದ ಸ್ಥಾನ ಇದರದು. ಕುಕ್ಕೆ ಸುಬ್ರಹ್ಮಣ್ಯದಿಂದ ಈ ಶಿಖರಕ್ಕೆ ಕಾಲ್ನಡಿಗೆಯಲ್ಲಿ ಏರುವುದನ್ನು ರಾಜ್ಯದ ಕಠಿಣ ಚಾರಣಗಳಲ್ಲಿ ಒಂದೆಂದು ಪರಿಗಣಿಸಲಾಗುತ್ತದೆ.

ಭೌಗೋಳಿಕ ಲಕ್ಷಣ

ಈ ಚಾರಣವು ಕಠಿಣವೆನಿಸಲು ಶಿಖರದ ಒಟ್ಟು ಎತ್ತರಕ್ಕಿಂತ ತಪ್ಪಲಿನ ತಗ್ಗೇ ಮುಖ್ಯ ಕಾರಣ. ಬೆಂಗಳೂರಿಗೆ ಸಮೀಪದ ನಂದಿ ಬೆಟ್ಟದ ಎತ್ತರ 1,478 ಮೀಟರ್. ಸಮುದ್ರಮಟ್ಟದಿಂದ ಅಳೆದಾಗ ಅದಕ್ಕೂ ಕುಮಾರ ಪರ್ವತಕ್ಕೂ ಇರುವ ವ್ಯತ್ಯಾಸ 234 ಮೀಟರ್ ಮಾತ್ರ. ಆದರೆ ನಂದಿ ಬೆಟ್ಟವು ಸುಮಾರು 900 ಮೀಟರ್ ಎತ್ತರದ ಪ್ರಸ್ಥಭೂಮಿಯ ಮೇಲೆ ನಿಂತಿದೆ. ಆದ್ದರಿಂದ ಅಲ್ಲಿ ಏರಬೇಕಾದುದು ಆರುನೂರು ಮೀಟರಿನಷ್ಟು. ದೊಡ್ಡಬಳ್ಳಾಪುರ ತಾಲ್ಲೂಕಿನ ಮಾಕಳಿದುರ್ಗದಂತಹ ಬಯಲುಸೀಮೆಯ ಬೆಟ್ಟಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಕುಕ್ಕೆ ಸುಬ್ರಹ್ಮಣ್ಯವಾದರೋ ಘಟ್ಟದ ಕೆಳಗಿನ ತಗ್ಗು ಪ್ರದೇಶದಲ್ಲಿದೆ. ಅಲ್ಲಿಂದ ಹೊರಟವರು ಒಂದೂವರೆ ಸಾವಿರ ಮೀಟರಿನಷ್ಟು ಏರಬೇಕಾಗುತ್ತದೆ. ಬಯಲುಸೀಮೆಯ ಬೆಟ್ಟವೊಂದನ್ನು ಒಂದೇ ದಿನದಲ್ಲಿ ಎರಡು ಬಾರಿಗಿಂತ ಹೆಚ್ಚು ಏರಿ ಇಳಿದಷ್ಟು ಶ್ರಮ ಇದರಲ್ಲಿದೆ.

ಪರ್ವತಶ್ರೇಣಿಯಲ್ಲಿ ಶೇಷ ಪರ್ವತ, ಸಿದ್ಧ ಪರ್ವತ ಮತ್ತು ಕುಮಾರ ಪರ್ವತ ಎಂಬ ಮೂರು ಶಿಖರಗಳನ್ನು ಗುರುತಿಸುತ್ತಾರೆ. ಈ ಪ್ರದೇಶದಲ್ಲಿ ಹುಟ್ಟುವ ಕುಮಾರಧಾರಾ ನದಿಯು ಸೋಮವಾರಪೇಟೆ ತಾಲ್ಲೂಕಿನಲ್ಲಿ ಮಲ್ಲಳ್ಳಿ ಜಲಪಾತವಾಗಿ ಧುಮುಕಿ, ಕುಕ್ಕೆ ಸುಬ್ರಹ್ಮಣ್ಯದ ಮೂಲಕ ಹರಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ.

ಹೆಸರು ಮತ್ತು ಐತಿಹ್ಯ

ಕುಕ್ಕೆ ಕ್ಷೇತ್ರದ ಐತಿಹ್ಯದ ಪ್ರಕಾರ, ತಾರಕ ಮೊದಲಾದ ಅಸುರರನ್ನು ಸಂಹರಿಸಿದ ಕುಮಾರಸ್ವಾಮಿಯು ಸಹೋದರ ಗಣಪತಿಯೊಡನೆ ಈ ಪರ್ವತಕ್ಕೆ ಬಂದನು. ಅಲ್ಲಿ ಇಂದ್ರನು ಅವನನ್ನು ಎದುರುಗೊಂಡು ತನ್ನ ಮಗಳಾದ ದೇವಸೇನೆಯನ್ನು ವಿವಾಹ ಮಾಡಿಕೊಟ್ಟನು. ಮಾರ್ಗಶಿರ ಶುದ್ಧ ಷಷ್ಠಿಯಂದು ಈ ವಿವಾಹ ನಡೆಯಿತೆಂಬ ನಂಬಿಕೆಯಿದ್ದು, ಅದೇ ದಿನ ಕುಕ್ಕೆಯಲ್ಲಿ ಚಂಪಾ ಷಷ್ಠಿಯನ್ನು ಆಚರಿಸಲಾಗುತ್ತದೆ. ಪರ್ವತದ ಪರಿಸರದಲ್ಲಿ ದೊರೆಯುವ ಆರು ಮುಖಗಳುಳ್ಳ ಕಲ್ಲುಗಳನ್ನು ಭಕ್ತರು ಕುಮಾರಲಿಂಗಗಳೆಂದು ಪೂಜಿಸುತ್ತಾರೆ. ಶಿಖರದಲ್ಲಿ ಕಲ್ಲಿನಿಂದ ಕಟ್ಟಿದ ಚಿಕ್ಕದೊಂದು ಗುಡಿಯಿದೆ.

ಚಾರಣ ಮಾರ್ಗಗಳು

ಶಿಖರಕ್ಕೆ ಎರಡು ಪ್ರಮುಖ ದಾರಿಗಳಿವೆ.

ಕುಕ್ಕೆ ಸುಬ್ರಹ್ಮಣ್ಯ ಮಾರ್ಗ: ಇದು ಪಶ್ಚಿಮದ ದಾರಿ. ಒಂದು ಬದಿಗೆ ಸುಮಾರು 13 ಕಿಲೋಮೀಟರ್ ದೂರವಿದ್ದು, ಏರುವುದಕ್ಕೇ ಆರರಿಂದ ಎಂಟು ಗಂಟೆ ಬೇಕಾಗುತ್ತದೆ. ಮೊದಲ ಭಾಗವು ದಟ್ಟವಾದ ಕಾಡಿನೊಳಗೆ ಸಾಗುತ್ತದೆ. ಮರದ ಬೇರುಗಳೇ ಮೆಟ್ಟಿಲುಗಳಾಗಿರುವ ಈ ಏರಿನಲ್ಲಿ ನೆರಳು ಉಂಟು, ಗಾಳಿ ಇಲ್ಲ. ಆದ್ದರಿಂದ ಬೆವರು ಹೆಚ್ಚು. ಭೀಮನ ಬಂಡೆ ಎಂಬ ದೊಡ್ಡ ಬಂಡೆ ಈ ಹಾದಿಯ ಗುರುತು. ಕಾಡು ಮುಗಿದ ಬಳಿಕ ಗಿರಿಗದ್ದೆ ಸಿಗುತ್ತದೆ. ಅಲ್ಲಿರುವ ಒಂಟಿಮನೆಯು ‘ಭಟ್ಟರ ಮನೆ’ ಎಂದೇ ಪ್ರಸಿದ್ಧವಾಗಿದ್ದು, ಹಲವು ದಶಕಗಳಿಂದ ಚಾರಣಿಗರಿಗೆ ಊಟ ಒದಗಿಸುತ್ತ ಬಂದಿದೆ. ಅದರಿಂದ ಸ್ವಲ್ಪ ಮುಂದೆ ಅರಣ್ಯ ಇಲಾಖೆಯ ತಪಾಸಣಾ ಕೇಂದ್ರವಿದೆ.

ಇಲ್ಲಿಂದ ಮುಂದಿನದು ಬಯಲು ಹುಲ್ಲುಗಾವಲು. ಕಲ್ಲುಮಂಟಪದವರೆಗೆ ದಾರಿಯಲ್ಲಿ ನೆರಳು ಕೊಡುವ ಮರಗಳು ಇಲ್ಲವೆನ್ನುವಷ್ಟು ವಿರಳ. ನಾಲ್ಕು ಕಂಬಗಳ ಈ ಹಳೆಯ ಮಂಟಪದ ಬಳಿ ಕೆಲವು ತಿಂಗಳುಗಳಲ್ಲಿ ಮಾತ್ರ ನೀರು ಸಿಗುತ್ತದೆ. ಅಲ್ಲಿಂದ ಕಡಿದಾದ ಏರನ್ನು ಹತ್ತಿದರೆ ಶೇಷ ಪರ್ವತ. ಹಾವಿನ ಹೆಡೆಯಂತೆ ಎದ್ದಿರುವ ಈ ಶಿಖರದ ಒಂದು ಪಾರ್ಶ್ವ ಆಳವಾದ ಪ್ರಪಾತ. ಮೊದಲ ಬಾರಿ ಬಂದವರು ಇದನ್ನೇ ಕೊನೆಯ ಶಿಖರವೆಂದು ಭಾವಿಸುವುದುಂಟು. ಕುಮಾರ ಪರ್ವತವನ್ನು ಮುಟ್ಟಲು ಇಲ್ಲಿಂದ ಮತ್ತೆ ಕೆಳಗಿಳಿದು, ಶೋಲಾ ಕಾಡನ್ನು ದಾಟಿ, ಬಂಡೆಯ ಮೇಲೆ ಏರಬೇಕು.

ಸೋಮವಾರಪೇಟೆ ಮಾರ್ಗ: ಇದು ಪೂರ್ವದ ದಾರಿ. ಬೀದಳ್ಳಿಯ ಬಳಿಯ ಹೆಗ್ಗಡೆಮನೆಯಿಂದ ಆರಂಭವಾಗುತ್ತದೆ. ಇಲ್ಲಿಯ ತಪ್ಪಲು ಎತ್ತರದಲ್ಲಿರುವುದರಿಂದ ಸುಮಾರು ಆರೇಳು ಕಿಲೋಮೀಟರ್ ನಡೆದರೆ ಶಿಖರ ಸಿಗುತ್ತದೆ. ಹೆಚ್ಚಿನ ಹಾದಿ ಕಾಡಿನೊಳಗೆ ಇದೆ. ಶಿಖರದ ಸಮೀಪ ಬರುವ ಇಳಿಜಾರು ಬಂಡೆಗಳನ್ನು ಕೈಕಾಲು ಊರಿ ಹತ್ತಬೇಕಾಗುತ್ತದೆ. ಬಂಡೆ ಒದ್ದೆಯಾಗಿದ್ದಾಗ ಈ ಭಾಗ ಅಪಾಯಕಾರಿ.

ಹವಾಮಾನ ಮತ್ತು ಋತು

ಅಕ್ಟೋಬರ್‌ನಿಂದ ಜನವರಿಯವರೆಗಿನ ಕಾಲ ಚಾರಣಕ್ಕೆ ಅನುಕೂಲಕರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾನ್ಸೂನಿನ ಭಾರೀ ಮಳೆಯಿಂದ ಹಳ್ಳಗಳು ಉಕ್ಕುತ್ತವೆ, ಬಂಡೆಗಳು ಪಾಚಿಗಟ್ಟುತ್ತವೆ, ಹಾದಿಯುದ್ದಕ್ಕೂ ಇಂಬಳಗಳ (ಜಿಗಣೆಗಳ) ಕಾಟವಿರುತ್ತದೆ. ಈ ಅವಧಿಯಲ್ಲಿ ಸಾಮಾನ್ಯವಾಗಿ ಪ್ರವೇಶ ನಿರ್ಬಂಧಿಸಲಾಗುತ್ತದೆ. ಫೆಬ್ರವರಿಯ ನಂತರ ಹುಲ್ಲು ಒಣಗಿ ಕಾಳ್ಗಿಚ್ಚಿನ ಭೀತಿ ಹೆಚ್ಚುವುದರಿಂದ ಬೇಸಿಗೆಯಲ್ಲಿಯೂ ಚಾರಣವನ್ನು ನಿಲ್ಲಿಸುವುದುಂಟು.

ಪ್ರತಿ ಸಾವಿರ ಮೀಟರ್ ಮೇಲೇರಿದಾಗ ಉಷ್ಣಾಂಶವು ಸರಾಸರಿ 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ. ಈ ಲೆಕ್ಕದಲ್ಲಿ ಕುಕ್ಕೆಗೂ ಶಿಖರಕ್ಕೂ ಸುಮಾರು ಹತ್ತು ಡಿಗ್ರಿಯ ಅಂತರವಿರಬಹುದು. ಮೇಲೆ ಗಾಳಿಗೆ ತಡೆಯಿಲ್ಲದ ಕಾರಣ ಬೆವರಿನಿಂದ ಒದ್ದೆಯಾದ ಬಟ್ಟೆಯಲ್ಲಿ ಚಳಿ ಇನ್ನಷ್ಟು ಹೆಚ್ಚೆನಿಸುತ್ತದೆ.

ಅಪಾಯಗಳು

ಈ ಪರ್ವತದಲ್ಲಿ ಹಿಮವಾಗಲಿ, ಉಸಿರಾಟಕ್ಕೆ ತೊಂದರೆಯಾಗುವಷ್ಟು ಎತ್ತರವಾಗಲಿ ಇಲ್ಲ. ಇಲ್ಲಿಯ ಅಪಾಯಗಳು ನೀರು, ಬಿಸಿಲು, ಮಂಜು ಮತ್ತು ಸಮಯಕ್ಕೆ ಸಂಬಂಧಿಸಿದವು.

ಕುಕ್ಕೆ ಮಾರ್ಗದ ಹುಲ್ಲುಗಾವಲು ಪಶ್ಚಿಮಕ್ಕೆ ಮುಖಮಾಡಿದೆ. ಬೆಳಿಗ್ಗೆ ಹತ್ತುವಾಗ ತಂಪಾಗಿರುವ ಇಳಿಜಾರಿಗೆ ಮಧ್ಯಾಹ್ನ ಇಳಿಯುವಾಗ ನೇರ ಬಿಸಿಲು ಬೀಳುತ್ತದೆ. ಆ ವೇಳೆಗೆ ಕೊಂಡೊಯ್ದ ನೀರು ಮುಗಿದಿದ್ದರೆ ನಿರ್ಜಲೀಕರಣ, ಸ್ನಾಯು ಸೆಳೆತ, ತಲೆಸುತ್ತು ಕಾಣಿಸಿಕೊಳ್ಳುತ್ತವೆ. ಇಳಿಯುವಾಗ ಮೊಣಕಾಲುಗಳ ಮೇಲೆ ಬೀಳುವ ಭಾರವೂ ಹೆಚ್ಚು. ಮಂಜು ಕವಿದರೆ ಕೆಲವೇ ಮಾರು ಮುಂದಿನ ದಾರಿಯೂ ಕಾಣದಾಗಿ, ಹುಲ್ಲಿನ ನಡುವಿನ ಕವಲುದಾರಿಗಳಲ್ಲಿ ದಿಕ್ಕು ತಪ್ಪುವ ಸಂಭವವಿದೆ. ಕಾಡಿನೊಳಗೆ ಸೂರ್ಯಾಸ್ತಕ್ಕೆ ಮೊದಲೇ ಕತ್ತಲಾಗುತ್ತದೆ. ಆನೆ ಮೊದಲಾದ ವನ್ಯಪ್ರಾಣಿಗಳ ಸಂಚಾರವೂ ಇದೆ. ಬಹುಭಾಗದಲ್ಲಿ ಮೊಬೈಲ್ ಸಂಪರ್ಕ ದೊರೆಯದ ಕಾರಣ ಗಾಯಗೊಂಡವರನ್ನು ಹೊತ್ತು ತರುವುದೊಂದೇ ಉಪಾಯವಾಗುತ್ತದೆ.

ಇದರಿಂದಾಗಿ ನಿಗದಿತ ವೇಳೆಯೊಳಗೆ ಶಿಖರ ಮುಟ್ಟದಿದ್ದರೆ ಎಲ್ಲಿದ್ದರೂ ಹಿಂದಿರುಗುವುದು ಅನುಭವಿ ಚಾರಣಿಗರ ಪದ್ಧತಿ. ಮೇಲಿನ ತಪಾಸಣಾ ಕೇಂದ್ರವನ್ನು ದಾಟಲು ಅರಣ್ಯ ಇಲಾಖೆ ಸಮಯದ ಮಿತಿ ವಿಧಿಸುವುದರ ಹಿಂದೆಯೂ ಇದೇ ಕಾರಣವಿದೆ.

ಜೀವವೈವಿಧ್ಯ

ಪುಷ್ಪಗಿರಿ ವನ್ಯಜೀವಿಧಾಮವನ್ನು 1987ರಲ್ಲಿ ಘೋಷಿಸಲಾಯಿತು. ಇದರ ವಿಸ್ತೀರ್ಣ ಸುಮಾರು 102 ಚದರ ಕಿಲೋಮೀಟರ್. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟಗಳ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ, ತಲಕಾವೇರಿ ಉಪಗುಚ್ಛದ ಭಾಗವಾಗಿ ಪುಷ್ಪಗಿರಿಯೂ ಅದರಲ್ಲಿ ಸೇರಿತು.

ಇಳಿಜಾರುಗಳಲ್ಲಿ ಹುಲ್ಲು, ಕಣಿವೆಯ ಮಡಿಲುಗಳಲ್ಲಿ ಗಿಡ್ಡ ಮರಗಳ ದಟ್ಟ ಶೋಲಾ ಕಾಡು—ಇದು ಇಲ್ಲಿಯ ಮೇಲ್ಭಾಗದ ವಿಶಿಷ್ಟ ಲಕ್ಷಣ. ಹುಲ್ಲುಗಾವಲು ಬರಿದಾದ ನೆಲವಲ್ಲ. ಮಳೆಗಾಲದ ನೀರನ್ನು ಹುಲ್ಲಿನ ಬೇರುಗಳೂ ಶೋಲಾದ ಮಣ್ಣೂ ಹಿಡಿದಿಟ್ಟು, ಮಳೆ ನಿಂತ ಬಳಿಕವೂ ತೊರೆಗಳಿಗೆ ನಿಧಾನವಾಗಿ ಬಿಟ್ಟುಕೊಡುತ್ತವೆ. ಈ ತೊರೆಗಳಿಂದ ಬೆಳೆದ ಕುಮಾರಧಾರೆಯು ನೇತ್ರಾವತಿಯನ್ನು ಸೇರುತ್ತದೆ; ತುಂಬೆಯ ಅಣೆಕಟ್ಟಿನಲ್ಲಿ ನಿಲ್ಲುವ ನೇತ್ರಾವತಿಯ ನೀರೇ ಮಂಗಳೂರು ನಗರಕ್ಕೆ ಕುಡಿಯುವ ನೀರು. ಕಾಲುದಾರಿ ಬಿಟ್ಟು ಅಡ್ಡಾದಿಡ್ಡಿ ನಡೆದಾಗ ಹುಲ್ಲು ಸತ್ತು, ಮಳೆಯಲ್ಲಿ ಮಣ್ಣು ಕೊಚ್ಚಿ, ಹಾದಿಯೇ ಕೊರಕಲಾಗುತ್ತದೆ.

ಜನದಟ್ಟಣೆ ಮತ್ತು ನಿಯಂತ್ರಣ

ಬಹುಕಾಲ ಹರಕೆ ಹೊತ್ತವರೂ ಕೆಲವೇ ಪರ್ವತಾಸಕ್ತರೂ ಏರುತ್ತಿದ್ದ ಈ ಶಿಖರಕ್ಕೆ, ವಾರಾಂತ್ಯದ ಚಾರಣ ಜನಪ್ರಿಯವಾದಂತೆ ಬೆಂಗಳೂರು ಮೊದಲಾದ ನಗರಗಳಿಂದ ದೊಡ್ಡ ಸಂಖ್ಯೆಯಲ್ಲಿ ಜನ ಬರತೊಡಗಿದರು. 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ತಪ್ಪಲಿನಲ್ಲಿ ಸೇರಿದ್ದ ಜನಸಂದಣಿಯ ಚಿತ್ರಗಳು ಸಾಮಾಜಿಕ ಜಾಲತಾಣಗಳಲ್ಲಿ ಹರಡಿ ವ್ಯಾಪಕ ಚರ್ಚೆಗೆ ಕಾರಣವಾದವು. ಇದರ ಬೆನ್ನಲ್ಲೇ, ಆನ್‌ಲೈನ್ ಮುಂಗಡ ಕಾಯ್ದಿರಿಸುವಿಕೆ ಇಲ್ಲದ ಚಾರಣಪಥಗಳನ್ನು ರಾಜ್ಯ ಸರ್ಕಾರ ತಾತ್ಕಾಲಿಕವಾಗಿ ಮುಚ್ಚಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಎಂಬ ಜಾಲತಾಣ ಆರಂಭವಾಯಿತು. ಒಂದು ಪಥದಲ್ಲಿ ದಿನಕ್ಕೆ ಗರಿಷ್ಠ 300 ಮಂದಿಗೆ ಅವಕಾಶವೆಂಬ ಮಿತಿಯೂ ಜಾರಿಗೆ ಬಂದಿತು. ಶಿಖರದಲ್ಲಿ ಡೇರೆ ಹಾಕಲು, ಬೆಂಕಿ ಹೊತ್ತಿಸಲು ಅನುಮತಿಯಿಲ್ಲ.

ಈ ಮಿತಿಯಿಂದ ಸ್ಥಳೀಯ ವಾಹನ ಚಾಲಕರು, ಮಾರ್ಗದರ್ಶಕರು ಹಾಗೂ ಊಟ–ವಸತಿ ಒದಗಿಸುವವರ ವಾರಾಂತ್ಯದ ಆದಾಯ ಕಡಿಮೆಯಾಗುವ ಸಾಧ್ಯತೆಯಿದೆ. ಆದರೆ ಕಿರಿದಾದ ಒಂದೇ ದಾರಿಯಲ್ಲಿ ಜನ ಹೆಚ್ಚಿದಷ್ಟೂ ಇಳಿಯುವುದು ತಡವಾಗುತ್ತದೆ. ಹೀಗಾಗಿ ಸಂಖ್ಯೆಯ ಮಿತಿಯು ಅರಣ್ಯದ ರಕ್ಷಣೆಯೊಂದಿಗೆ ಚಾರಣಿಗರ ಸುರಕ್ಷತೆಗೂ ನೆರವಾಗುತ್ತದೆ.

ತಲುಪುವ ಬಗೆ

ಕುಕ್ಕೆ ಸುಬ್ರಹ್ಮಣ್ಯವು ದಕ್ಷಿಣ ಕನ್ನಡ ಜಿಲ್ಲೆಯ ಕಡಬ ತಾಲ್ಲೂಕಿನಲ್ಲಿದ್ದು, ಬೆಂಗಳೂರಿನಿಂದ ರಸ್ತೆಯ ಮೂಲಕ ಸುಮಾರು 280 ಕಿಲೋಮೀಟರ್ ದೂರದಲ್ಲಿದೆ. ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ ಕಡೆಯವರು ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣಕ್ಕೆ ಬಂದು ಅಲ್ಲಿಂದ ಕುಕ್ಕೆಯ ಬಸ್ಸು ಹಿಡಿಯಬಹುದು. ಸಮೀಪದ ರೈಲು ನಿಲ್ದಾಣ ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್. ಇದು ಹಾಸನ–ಮಂಗಳೂರು ಮಾರ್ಗದಲ್ಲಿದೆ. ಪೂರ್ವದ ದಾರಿಯಿಂದ ಏರುವವರು ಸೋಮವಾರಪೇಟೆಗೆ ಬಂದು ಅಲ್ಲಿಂದ ಬೀದಳ್ಳಿಯನ್ನು ತಲುಪಬೇಕು.