ಸ್ನೋ ವೈಟ್‌ಳ ಕೆನ್ನೆಗೆಂಪು: ಒಂದು ಐತಿಹ್ಯದ ಪರಿಶೀಲನೆ

1937ರ ‘ಸ್ನೋ ವೈಟ್’ ಚಿತ್ರ ತಯಾರಾಗುತ್ತಿದ್ದಾಗ, ಗೆರೆಗೆ ಶಾಯಿ ಹಾಕಿ ಬಣ್ಣ ತುಂಬುತ್ತಿದ್ದ ಡಿಸ್ನಿ ಸ್ಟುಡಿಯೊದ ಇಂಕ್ ಅಂಡ್ ಪೇಂಟ್ ವಿಭಾಗದ ಹುಡುಗಿಯರು ತಮ್ಮ ಪರ್ಸಿನಿಂದ ರೂಜ್ ಡಬ್ಬಿ ತೆಗೆದು ಸ್ನೋ ವೈಟ್‌ಳ ಕೆನ್ನೆಗೆ ಹಚ್ಚಿದರಂತೆ. ಆ್ಯನಿಮೇಶನ್ ಚರಿತ್ರೆ ಬರೆದ ಬಹುಮಂದಿ ಈ ಕಥೆಯನ್ನು ಪ್ರಶ್ನಿಸದೆ ದಾಟಿಸಿಕೊಂಡು ಬಂದಿದ್ದಾರೆ. ಕಥೆ ಸೊಗಸಾಗಿದೆ. ನನ್ನ ಗುಮಾನಿ ಶುರುವಾಗುವುದೂ ಅಲ್ಲಿಂದಲೇ.

ಐತಿಹ್ಯದ ತಿರುಳು ಒಂದು ಸಂಭಾಷಣೆ. ಪ್ರತಿ ಸೆಲ್‌ನಲ್ಲೂ ಅದೇ ಜಾಗಕ್ಕೆ ಬಣ್ಣ ಕೂರಿಸುವುದು ಹೇಗೆಂದು ವಾಲ್ಟ್ ಡಿಸ್ನಿ ಕೇಳಿದರಂತೆ. ಜೀವಮಾನವಿಡೀ ನಾವು ಮಾಡುತ್ತಿರುವುದು ಇದನ್ನೇ ಅಲ್ಲವೆ ಎಂಬರ್ಥದ ಉತ್ತರ ಒಬ್ಬರಿಂದ ಬಂತಂತೆ. ಮಾತು ನಡೆದಿರಬಹುದು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಪ್ರಶ್ನೆ ಇದ್ದದ್ದು ಜಾಗದ ಬಗ್ಗೆ, ಉತ್ತರ ಬಂದದ್ದು ಕೈಯ ಪಳಗಿಕೆಯ ಬಗ್ಗೆ. ಡಬ್ಬಿಯ ಮಾತು ಎರಡರಲ್ಲೂ ಇಲ್ಲ. ಹಾಸ್ಯಕ್ಕೆ ಹೇಳಿದ್ದನ್ನು ಕೇಳಿದವರು ಪಾಕವಿಧಾನವೆಂದು ಬರೆದುಕೊಂಡರು.

ಇನ್ನು ಸೆಲ್ಲನ್ನೇ ಸಾಕ್ಷಿಗೆ ಕರೆಯೋಣ. ಸೆಲ್ ನುಣುಪಾದ ಪಾರದರ್ಶಕ ಹಾಳೆ. ಗೆರೆಯ ಶಾಯಿ ಅದರ ಮುಂಬದಿಗೆ, ಮೈತುಂಬುವ ಬಣ್ಣ ಹಿಂಬದಿಗೆ. ಚರ್ಮದ ಬಣ್ಣದ ಮೇಲೆ ಕಾಣಬೇಕಾದ ಕೆಂಪು ಮುಂಬದಿಯಲ್ಲೇ ಕೂರಬೇಕು, ಅಂದರೆ ಕ್ಯಾಮರಾದಡಿ ಗಾಜು ಬಂದು ಒತ್ತುವ ಮೈಯ ಮೇಲೆ. ಪುಡಿ ರೂಜ್ ಅಲ್ಲಿ ಹಿಡಿಯುವುದಿಲ್ಲ, ಜಿಡ್ಡಿನದಾದರೆ ಒರೆಸಿಹೋಗುತ್ತದೆ. ಪೆನ್ಸಿಲ್ ತುದಿಗೆ ಹತ್ತಿ ಸುತ್ತಿ ಕೆಂಪು ಡೈ ತಾಕಿಸುತ್ತಿದ್ದರೆಂಬ ಇನ್ನೊಂದು ವಿವರಣೆ ಈ ಕಾರಣಕ್ಕೇ ಹೆಚ್ಚು ನಂಬಲರ್ಹ. ಆ ಕೆಲಸದೊಂದಿಗೆ ಕೇಳಿಬರುವ ಹೆಸರು ಇಂಕ್ ಅಂಡ್ ಪೇಂಟ್ ವಿಭಾಗದ ಹೆಲೆನ್ ಆಗರ್ ಅವರದು. (ಮಿಂಡಿ ಜಾನ್ಸನ್ ಈ ವಿಭಾಗದ ಮಹಿಳೆಯರ ಬಗ್ಗೆಯೇ 2017ರಲ್ಲಿ ದಪ್ಪ ಪುಸ್ತಕ ತಂದರು. ಅದಾದ ಮೇಲೂ ರೂಜ್ ಡಬ್ಬಿಯನ್ನೇ ಹಿಡಿದುಕೊಂಡಿರುವವರನ್ನು ಓದದವರು ಎನ್ನಬೇಕೋ, ಓದಲೊಲ್ಲದವರು ಎನ್ನಬೇಕೋ.) ಇದೇ ವಿಭಾಗ ಸ್ನೋ ವೈಟ್‌ಳ ಕಡುಗಪ್ಪು ಕೂದಲಿನ ಅಂಚನ್ನು ಒಣ ಕುಂಚದ ಬೂದುಬಣ್ಣದಿಂದ ಮೆದುಗೊಳಿಸಿತು. ಆ ಬೂದುಬಣ್ಣಕ್ಕಾಗಿ ಯಾರೂ ಯಾರ ಪರ್ಸನ್ನೂ ತಡಕಲಿಲ್ಲ!

ಡೈಯೋ ರೂಜೋ ಎಂಬುದು ಕ್ಷುಲ್ಲಕ ಜಗಳವೆಂದು ಕೆಲವರಿಗೆ ಅನ್ನಿಸಬಹುದು. ಆದರೆ ಅದು ಕಸುಬಿನ ಪ್ರಶ್ನೆ. ಸೆಲ್ ಚಿತ್ರದಲ್ಲಿ ಸಾಮಾನ್ಯವಾಗಿ ಪ್ರತಿ ಬಣ್ಣಕ್ಕೂ ಗೆರೆಯ ಬೇಲಿಯಿರುತ್ತದೆ. ಈ ಕೆಂಪಿಗೆ ಬೇಲಿಯಿಲ್ಲ. ಅದು ಕೂದಲೆಳೆಯಷ್ಟು ಆಚೀಚೆಯಾದರೂ ತೆರೆಯ ಮೇಲೆ ಮುಖ ಮಿನುಗಿ ನಡುಗುತ್ತದೆ. ಗೆರೆ ತೋರಿಸುವ ಮಾಡೆಲ್ ಶೀಟ್ ಇಂಥದ್ದನ್ನು ಗೊತ್ತುಮಾಡಲಾರದು. ಹಾಗಾಗಿ ಪಾತ್ರದ ವಿನ್ಯಾಸ ಮುಗಿದದ್ದು ಆ್ಯನಿಮೇಟರನ ಮೇಜಿನ ಮೇಲಲ್ಲ, ತೆರೆಯ ಮೇಲೆ ಹೆಸರೂ ಬಾರದ ಹೆಂಗಸರ ಬೆರಳ ತುದಿಯಲ್ಲಿ. ರೂಜಿನ ಕಥೆ ಅವರ ಕಸುಬನ್ನು ಕಸಿದುಕೊಂಡು ಕೈಗೆ ಕನ್ನಡಿ ಕೊಡುತ್ತದೆ.

ವಿನ್ಯಾಸದ ಬಗ್ಗೆ ಇನ್ನೊಂದು ಸರಳ ಕಥೆಯಿದೆ: ಮಾರ್ಜ್ ಬೆಲ್ಚರ್ ಎಂಬ ನರ್ತಕಿಯನ್ನು ಚಿತ್ರೀಕರಿಸಿದ ಫಿಲ್ಮಿನ ಮೇಲೆ ಗೆರೆ ಎಳೆದರೆ ಸ್ನೋ ವೈಟ್ ಸಿದ್ಧ ಎಂಬುದು. ಅದಕ್ಕೆ ಹೆಚ್ಚು ಜಾಗ ಕೊಡಲಾರೆ. ಮಾರ್ಜ್‌ಳ ಮೈಕಟ್ಟಿನ ಪಕ್ಕದಲ್ಲಿಟ್ಟರೆ ಸ್ನೋ ವೈಟ್‌ಳ ತಲೆ ಎದ್ದುಕಾಣುವಷ್ಟು ದೊಡ್ಡದು. ಸ್ನೋ ವೈಟ್‌ಗೆ ಚಲನೆ ಕೊಟ್ಟ ಆ್ಯನಿಮೇಟರರಲ್ಲಿ ಗ್ರಿಮ್ ನ್ಯಾಟ್‌ವಿಕ್ 1930ರಲ್ಲಿ ಬಿನ್ನಾಣಗಿತ್ತಿ ಬೆಟ್ಟಿ ಬೂಪ್‌ಳನ್ನು ಬರೆದಾತ; ಹ್ಯಾಮಿಲ್ಟನ್ ಲಸ್ಕ್‌ಗೆ ಬೇಕಾಗಿದ್ದದ್ದು ಇನ್ನೂ ಎಳೆಯ ಹುಡುಗಿ. ಈ ಎಳೆದಾಟ ಮುಖದಲ್ಲಿ ಉಳಿದಿದೆ. ಸೀಳುಳ್ಳ ಉಬ್ಬುತೋಳು, ಎದ್ದುನಿಂತ ಕಾಲರ್ ಯುರೋಪಿನ ಹಳೆಯ ಶತಮಾನಗಳವು. ಗಿಡ್ಡ ಕೂದಲು, ತೆಳು ಹುಬ್ಬು, ಪುಟ್ಟ ಕೆಂಪು ತುಟಿ ಹಾಲಿವುಡ್‌ನವು. ಉಬ್ಬುತೋಳೂ ಪೂರಾ ಹಳತಲ್ಲ: ‘ಲೆಟ್ಟಿ ಲಿಂಟನ್’ (1932) ಚಿತ್ರಕ್ಕಾಗಿ ವಸ್ತ್ರವಿನ್ಯಾಸಕ ಏಡ್ರಿಯನ್ ನಟಿ ಜೋನ್ ಕ್ರಾಫರ್ಡ್‌ಗೆ ಹೊಲಿಸಿದ ಗೌನಿನ ತೋಳು ಆಗಲೇ ಅಮೆರಿಕದ ಅಂಗಡಿಗಳಿಗೆ ಇಳಿದಿತ್ತು. ಕೆನ್ನೆಗೆಂಪು ಇವೆರಡು ಕಾಲಗಳ ನಡುವಿನ ಹೊಲಿಗೆ. ಅದು ಹಳ್ಳಿ ಹುಡುಗಿಯ ಆರೋಗ್ಯವೂ ಹೌದು, ಪೇಟೆ ಹುಡುಗಿಯ ಮೇಕಪ್ಪೂ ಹೌದು.

ನನ್ನ ವಾದಕ್ಕೂ ಒಂದು ಮಿತಿ ಹೇಳಬೇಕು. 1938ರಿಂದ ಸ್ಯಾನ್ ಫ್ರಾನ್ಸಿಸ್ಕೊದ ಕೂರ್ವಾಸಿಯೆ ಗ್ಯಾಲರಿಯ ಮೂಲಕ ಮಾರಾಟವಾದ ಸೆಲ್‌ಗಳಲ್ಲಿ ಅನೇಕವನ್ನು ಆಕೃತಿಗೆ ತಕ್ಕಂತೆ ಕತ್ತರಿಸಿ, ಬೇರೆ ಹಿನ್ನೆಲೆಗೆ ಅಂಟಿಸಿ ಸಿಂಗರಿಸಲಾಗಿತ್ತು. ಅವುಗಳ ಮೇಲೆ ಕಾಣುವ ಕೆಂಪನ್ನೆಲ್ಲ ಕ್ಯಾಮರಾ ಕಂಡ ಕೆಂಪೆಂದು ಹಿಡಿಯುವಂತಿಲ್ಲ. ಮೊದಲು 1937ರ ಫಿಲ್ಮಿನಲ್ಲಿ ಸ್ನೋ ವೈಟ್‌ಳ ಹತ್ತಿರದ ಶಾಟ್‌ಗಳನ್ನು ಒಂದೊಂದೇ ಫ್ರೇಮ್ ನಿಲ್ಲಿಸಿ ನೋಡಬೇಕು. ಗೋಡೆಗೆ ತೂಗುಹಾಕಿದ ಸೆಲ್ಲಿನ ಸರದಿ ಆಮೇಲೆ.